ಗೆದ್ದ ಕೋಚ್ ಒಳ್ಳೆಯವರೇ? ಅಮೆರಿಕದ ಕಾಲೇಜು ಫುಟ್‌ಬಾಲ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಓಹಿಯೊ ರಾಜ್ಯದ ಕೊಲಂಬಸ್ ನಗರದಲ್ಲಿ ನೆಲೆಸಿ ಹಲವು ವರ್ಷಗಳಾದವು. ಇಲ್ಲಿನ ಕನ್ನಡಿಗರು ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ದಿನ ಗೊತ್ತುಮಾಡುವಾಗ ಮೊದಲು ತೆರೆದು ನೋಡುವುದು ಫುಟ್‌ಬಾಲ್ ಪಂದ್ಯಗಳ ಪಟ್ಟಿಯನ್ನು. ಬದ್ಧ ಎದುರಾಳಿ ಮಿಷಿಗನ್ ವಿರುದ್ಧ ಈ ಊರಿನ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ಪಂದ್ಯವಿರುವ ಶನಿವಾರ ಸಭಾಂಗಣ ಸಿಕ್ಕರೂ ಜನ ಸಿಗುವುದಿಲ್ಲ. ಮಕ್ಕಳನ್ನು ನೋಡಲು ಊರಿನಿಂದ ಬರುವ ತಂದೆತಾಯಿಗಳು, ಹೊಸದಾಗಿ ಬಂದ ವಿದ್ಯಾರ್ಥಿಗಳು ನನ್ನನ್ನು ಆಟದ ನಿಯಮಗಳ ಬಗ್ಗೆ ಕೇಳುವುದು ಕಡಿಮೆ. ಎಂದೋ ನಿವೃತ್ತರಾದ, ಎಷ್ಟೋ ಸಲ ತೀರಿಕೊಂಡೇ ಹೋದ ಕೋಚ್‌ಗಳ ಗುಣದ ಬಗ್ಗೆ ಇಲ್ಲಿನವರು ಇಂದಿಗೂ ಏಕೆ ಮನೆಜಗಳದಂತೆ ವಾದಿಸುತ್ತಾರೆ ಎಂದು ಕೇಳುತ್ತಾರೆ. ಆ ಪ್ರಶ್ನೆಗಳಿಗೆ ನನಗೆ ತಿಳಿದಷ್ಟನ್ನು, ನನಗೆ ಅನಿಸಿದ್ದನ್ನು ಮುಚ್ಚಿಡದೆ, ಇಲ್ಲಿ ಬರೆದಿದ್ದೇನೆ.

ಕಾಲೇಜು ಹುಡುಗರ ಆಟ. ಅದರ ಕೋಚ್‌ಗೆ ಇಷ್ಟು ದೊಡ್ಡ ಸ್ಥಾನ ಹೇಗೆ ಬಂತು?

ಇದು ಕಾಲಿನಿಂದ ಚೆಂಡು ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವ, ಎಸೆಯುವ, ಹೆಲ್ಮೆಟ್ ತೊಟ್ಟವರು ಒಬ್ಬರನ್ನೊಬ್ಬರು ಕೆಡಹುವ ಅಮೆರಿಕನ್ ಫುಟ್‌ಬಾಲ್. ಮಿಷಿಗನ್, ಪೆನ್ ಸ್ಟೇಟ್, ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯಗಳ ಕ್ರೀಡಾಂಗಣಗಳು ಒಂದೊಂದೂ ಲಕ್ಷಕ್ಕೂ ಹೆಚ್ಚು ಜನರನ್ನು ಹಿಡಿಯುತ್ತವೆ. ಅನೇಕ ರಾಜ್ಯಗಳಲ್ಲಿ ಸರ್ಕಾರದಿಂದ ಅತಿ ಹೆಚ್ಚು ಸಂಬಳ ಪಡೆಯುವವರು ಗವರ್ನರ್ ಅಲ್ಲ, ರಾಜ್ಯ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್. 2023ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ತನ್ನ ಕೋಚ್ ಜಿಂಬೊ ಫಿಷರ್ ಅವರನ್ನು ತೆಗೆದುಹಾಕಿದಾಗ, ಒಪ್ಪಂದದ ಪ್ರಕಾರ 7.5 ಕೋಟಿ ಡಾಲರ್‌ಗೂ ಹೆಚ್ಚು ಹಣ ಕೊಡಬೇಕಾಯಿತು.

ಹಣಕ್ಕಿಂತ ಮುಖ್ಯವಾದ ಕಾರಣ ಬೇರೆ ಇದೆ. ಆಟಗಾರರು ನಾಲ್ಕೈದು ವರ್ಷ ಆಡಿ ಹೊರಟುಹೋಗುತ್ತಾರೆ. ಇಪ್ಪತ್ತು, ಮೂವತ್ತು ವರ್ಷ ಉಳಿಯುವವರು ಕೋಚ್ ಮಾತ್ರ. ಹಾಗಾಗಿ ಅಜ್ಜ, ಮಗ, ಮೊಮ್ಮಗಳು ಮೂವರಿಗೂ ಪರಿಚಿತವಾದ ಮುಖ ಅವರದೇ. ನಮ್ಮಲ್ಲಿ ಒಂದು ಶಾಲೆಯನ್ನು ಅದರ ಹಳೆಯ ಹೆಡ್‌ಮಾಸ್ತರರ ಹೆಸರಿನಿಂದ ಗುರುತಿಸುವುದಿಲ್ಲವೇ, ಹಾಗೆ.

ಅಭಿಮಾನಿಗಳು ‘ಒಳ್ಳೆಯ ಮನುಷ್ಯ’ ಎಂದಾಗ ಏನನ್ನು ಅಳೆಯುತ್ತಿರುತ್ತಾರೆ?

ನಾನು ಕಂಡಂತೆ, ಹೆಚ್ಚಾಗಿ ನಿಷ್ಠೆಯನ್ನು. ನಮ್ಮನ್ನು ಬಿಟ್ಟುಹೋದರೇ, ಉಳಿದರೇ? ಆಮೇಲೆ ಶಿಸ್ತು, ಹುಡುಗರು ಪದವಿ ಮುಗಿಸಿದರೇ ಎಂಬುದು, ಚರ್ಚಿಗೆ ಹೋಗುತ್ತಿದ್ದರೇ ಎಂಬುದು. ಇವೆಲ್ಲಕ್ಕೂ ಮೊದಲು ಗೆಲುವು ಇರಲೇಬೇಕು. ಸೋತ ಕೋಚ್‌ನ ಗುಣದ ಬಗ್ಗೆ ಯಾರೂ ವಾದಿಸುವುದಿಲ್ಲ, ಅವರ ಹೆಸರೇ ಮರೆತುಹೋಗಿರುತ್ತದೆ. ಗೆದ್ದೆತ್ತಿನ ಬಾಲ ಹಿಡಿಯುವುದು ಎಲ್ಲ ಊರಿನಲ್ಲೂ ಇದ್ದದ್ದೇ.

ನನ್ನ ಆಕ್ಷೇಪ ಇರುವುದು ಇಲ್ಲಿ. ನಿಷ್ಠೆಯನ್ನೇ ಗುಣ ಎಂದು ತಿಳಿಯುವುದು ದೊಡ್ಡ ತಪ್ಪು. ಒಂದೇ ಊರಿನಲ್ಲಿ 40 ವರ್ಷ ಉಳಿದವರು ಆ ಊರಿನ ಅತ್ಯಂತ ದುರ್ಬಲರ ವಿಷಯದಲ್ಲಿ ಏನು ಮಾಡಿದರು ಎಂಬ ಪ್ರಶ್ನೆ ಬೇರೆಯೇ. ಮುಂದಿನ ಉತ್ತರಗಳಲ್ಲಿ ನಾನು ಮತ್ತೆ ಮತ್ತೆ ಅಲ್ಲಿಗೇ ಬರುತ್ತೇನೆ.

ಕೊಲಂಬಸ್‌ನಲ್ಲಿ ಎಲ್ಲರೂ ಹೇಳುವ ವುಡಿ ಹೇಯ್ಸ್ ಯಾರು? ಒಂದು ಗುದ್ದಿಗಾಗಿ ಕೆಲಸ ಕಳೆದುಕೊಂಡರು ಎನ್ನುವುದು ನಿಜವೇ?

ನಿಜ. ಆದರೆ ಪೂರ್ತಿ ನಿಜ ಅಷ್ಟೇ ಅಲ್ಲ.

ಹೇಯ್ಸ್ 1951ರಿಂದ 1978ರವರೆಗೆ ಓಹಿಯೊ ಸ್ಟೇಟ್‌ನ ಕೋಚ್. ಇಲ್ಲಿ 205 ಗೆಲುವು, 13 ಬಾರಿ ಬಿಗ್ ಟೆನ್ ಎಂಬ ವಿಶ್ವವಿದ್ಯಾಲಯಗಳ ಕೂಟದ ಪಟ್ಟ. 1978ರ ಡಿಸೆಂಬರ್ 29ರ ರಾತ್ರಿ ಫ್ಲಾರಿಡಾದಲ್ಲಿ ನಡೆದ, ಸೀಸನ್ ಕೊನೆಯ ವಿಶೇಷ ಪಂದ್ಯಗಳಲ್ಲಿ ಒಂದಾದ ಗೇಟರ್ ಬೋಲ್ ಪಂದ್ಯದ ಕೊನೆಯ ನಿಮಿಷಗಳಲ್ಲಿ, ಓಹಿಯೊ ಸ್ಟೇಟ್ ಎರಡೇ ಅಂಕ ಹಿಂದಿದ್ದಾಗ, ಎದುರಾಳಿ ಕ್ಲೆಮ್ಸನ್ ತಂಡದ ಚಾರ್ಲಿ ಬೌಮನ್ ಚೆಂಡನ್ನು ನಡುವೆಯೇ ಹಿಡಿದು ಓಡಿ ಹೇಯ್ಸ್ ನಿಂತಿದ್ದ ಕಡೆಗೇ ಬಂದು ಬಿದ್ದರು. ಎದ್ದ ಹುಡುಗನ ಕತ್ತಿನ ಬಳಿ 65 ವರ್ಷದ ಹೇಯ್ಸ್ ಗುದ್ದಿದರು. ಟೆಲಿವಿಷನ್‌ನಲ್ಲಿ ದೇಶವೇ ನೋಡಿತು. ಮರುದಿನ ಬೆಳಿಗ್ಗೆ ಅವರನ್ನು ಕೆಲಸದಿಂದ ತೆಗೆದದ್ದು ಅಥ್ಲೆಟಿಕ್ ಡೈರೆಕ್ಟರ್, ಅಂದರೆ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥ, ಹ್ಯೂ ಹಿಂಡ್‌ಮನ್. ಅವರು ಹಿಂದೆ ಹೇಯ್ಸ್ ಅವರ ಕೈಕೆಳಗೇ ಸಹಾಯಕ ಕೋಚ್ ಆಗಿದ್ದವರು. ಆ ನಿರ್ಧಾರಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕಾಗಿತ್ತೋ ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ಅಭಿಮಾನಿಗಳು ‘ಒಂದು ಕ್ಷಣದ ಕೋಪ’ ಎನ್ನುತ್ತಾರೆ. ದಾಖಲೆ ಹಾಗೆ ಹೇಳುವುದಿಲ್ಲ. 1971ರಲ್ಲಿ ಮಿಷಿಗನ್ ಎದುರು ತೀರ್ಪಿನಿಂದ ಕೆರಳಿ ಅಂಗಳದ ಅಂಚಿನ ಗುರುತುಗಳನ್ನು ಮುರಿದು ಹರಿದರು. 1973ರ ರೋಸ್ ಬೋಲ್ ಪಂದ್ಯದ ದಿನ ಒಬ್ಬ ಪತ್ರಿಕಾ ಛಾಯಾಗ್ರಾಹಕನ ಕ್ಯಾಮೆರಾವನ್ನು ಆತನ ಮುಖಕ್ಕೇ ಒತ್ತಿದರು. 1977ರಲ್ಲಿ ಟೆಲಿವಿಷನ್ ಕ್ಯಾಮೆರಾಮನ್ ಮೇಲೆ ಕೈ ಮಾಡಿದರು. ಪ್ರತಿ ಸಲವೂ ಊರು ಅದನ್ನು ಹೊಟ್ಟೆಗೆ ಹಾಕಿಕೊಂಡಿತು. ಗೇಟರ್ ಬೋಲ್ ಆ ಸಹನೆಯ ಫಲ.

ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ನಾನು ಮೊದಲು ಬಾಡಿಗೆಗಿದ್ದ ಬೀದಿಯಲ್ಲಿ ಒಬ್ಬ ಹಿರಿಯರಿದ್ದರು. ಅವರ ತಾಯಿ ಆಸ್ಪತ್ರೆಯಲ್ಲಿದ್ದಾಗ ಪರಿಚಯವೇ ಇಲ್ಲದ ಹೇಯ್ಸ್ ಬಂದು ಹಾಸಿಗೆಯ ಪಕ್ಕ ಅರ್ಧ ಗಂಟೆ ಕುಳಿತಿದ್ದರಂತೆ. ಇಂಥ ಕಥೆ ಈ ಊರಿನಲ್ಲಿ ಒಂದಲ್ಲ, ಮನೆಮನೆಗೆ ಇದೆ. ಹೇಯ್ಸ್ ಆಸ್ಪತ್ರೆಗಳಿಗೆ ಹೋಗುತ್ತಿದ್ದುದು ಪ್ರಚಾರಕ್ಕಲ್ಲ. ವಿಯೆಟ್ನಾಂಗೆ ಹೋಗಿ ಸೈನಿಕರನ್ನು ಕಂಡು ಬಂದರು. ಸಂಪಾದನೆಗೆ ಆಸೆಪಟ್ಟವರಲ್ಲ. ಕೆಲಸ ಹೋದ ಎಂಟನೆಯ ವರ್ಷ, 1986ರಲ್ಲಿ, ಅದೇ ವಿಶ್ವವಿದ್ಯಾಲಯ ಅವರನ್ನು ಘಟಿಕೋತ್ಸವದ ಭಾಷಣಕ್ಕೆ ಕರೆಯಿತು. ಪಡೆದ ಉಪಕಾರವನ್ನು ಹಿಂದಿರುಗಿಸಲಾಗದು, ಮುಂದಿನವರಿಗೆ ದಾಟಿಸಬೇಕು ಎಂಬುದು ಅವರು ಯಾವಾಗಲೂ ಹೇಳುತ್ತಿದ್ದ ಮಾತು. ಅಂದೂ ಅದನ್ನೇ ಹೇಳಿದರು. ಮರುವರ್ಷ ತೀರಿಕೊಂಡಾಗ ಮಾಜಿ ಅಧ್ಯಕ್ಷ ನಿಕ್ಸನ್ ಬಂದು ಶ್ರದ್ಧಾಂಜಲಿ ಹೇಳಿದರು.

ನನ್ನ ಅಭಿಪ್ರಾಯ: ಹೇಯ್ಸ್ ಒಳ್ಳೆಯ ಮನಸ್ಸಿನ, ಕೈ ಹಿಡಿತ ತಪ್ಪಿದ ಮನುಷ್ಯ. ಅವರ ತಪ್ಪು ಲಕ್ಷಾಂತರ ಜನರ ಕಣ್ಣೆದುರೇ ನಡೆಯಿತು, ಅದಕ್ಕೆ ಬೆಲೆಯನ್ನೂ ತೆತ್ತರು. ಹಾಗಾಗಿ ಅವರನ್ನು ಪ್ರೀತಿಸುವವರ ಮೇಲೆ ನನಗೆ ಸಿಟ್ಟಿಲ್ಲ.

ಜೋ ಪೆಟರ್ನೊ ವಿಷಯ ಇನ್ನೂ ಏಕೆ ಆರಿಲ್ಲ?

ಏಕೆಂದರೆ ಪೆಟರ್ನೊ ಗುಣದ ಹೆಸರಿನಲ್ಲೇ ದೊಡ್ಡವರಾದವರು. 1966ರಿಂದ ಪೆನ್ಸಿಲ್ವೇನಿಯ ರಾಜ್ಯದ ಪೆನ್ ಸ್ಟೇಟ್‌ನ ಕೋಚ್. ಒಳ್ಳೆಯ ಓದು, ಒಳ್ಳೆಯ ಆಟ ಎರಡೂ ಒಟ್ಟಿಗೆ ಸಾಧ್ಯ ಎಂದು ತೋರಿಸುವುದೇ ಅವರ ‘ಮಹಾ ಪ್ರಯೋಗ’ವಾಗಿತ್ತು. ದಪ್ಪ ಕನ್ನಡಕ, ಮೇಲಕ್ಕೆ ಮಡಚಿದ ಪ್ಯಾಂಟು, ಹೆಸರಿಲ್ಲದ ಸರಳ ಜೆರ್ಸಿ. ಅವರು, ಪತ್ನಿ ಸೂ ಸೇರಿ ವಿಶ್ವವಿದ್ಯಾಲಯಕ್ಕೆ ಲಕ್ಷಾಂತರ ಡಾಲರ್ ಕೊಟ್ಟರು. ಕ್ರೀಡಾಂಗಣಕ್ಕಲ್ಲ, ಗ್ರಂಥಾಲಯಕ್ಕೆ ಅವರ ಹೆಸರಿದೆ.

2011ರ ಅಕ್ಟೋಬರ್ 29ರಂದು 409ನೆಯ ಪಂದ್ಯ ಗೆದ್ದರು. ಒಂದೇ ವಾರಕ್ಕೆ, ನವೆಂಬರ್ 5ರಂದು, ಅವರ ಬಳಿ ದಶಕಗಳ ಕಾಲ ಸಹಾಯಕರಾಗಿದ್ದ ಜೆರ್ರಿ ಸ್ಯಾಂಡಸ್ಕಿಯ ಬಂಧನವಾಯಿತು. ಕಷ್ಟದಲ್ಲಿರುವ ಹುಡುಗರಿಗೆ ನೆರವಾಗಲೆಂದು ತಾನೇ ಕಟ್ಟಿದ್ದ ಸಂಸ್ಥೆಯ ಮೂಲಕ ಬಂದ ಹುಡುಗರನ್ನೇ ಆತ ವರ್ಷಗಟ್ಟಲೆ ಲೈಂಗಿಕವಾಗಿ ಹಿಂಸಿಸಿದ್ದ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. 2012ರ ಜೂನ್‌ನಲ್ಲಿ 45 ಆರೋಪಗಳು ಸಾಬೀತಾದವು. ಶಿಕ್ಷೆ 30ರಿಂದ 60 ವರ್ಷ.

ಪೆಟರ್ನೊ ಅವರ ಪಾಲು ಏನು? 2001ರಲ್ಲಿ ತಂಡದ ಯುವ ಸಹಾಯಕ ಮೈಕ್ ಮೆಕ್ವೀರಿ, ಸ್ಯಾಂಡಸ್ಕಿಯನ್ನು ಒಬ್ಬ ಹುಡುಗನೊಂದಿಗೆ ತಂಡದ ಸ್ನಾನದ ಕೋಣೆಯಲ್ಲಿ ಕಂಡುದನ್ನು ಮರುದಿನ ಪೆಟರ್ನೊ ಅವರ ಮನೆಗೇ ಹೋಗಿ ಹೇಳಿದರು. ಪೆಟರ್ನೊ ಅದನ್ನು ಅಥ್ಲೆಟಿಕ್ ಡೈರೆಕ್ಟರ್‌ಗೆ ತಿಳಿಸಿದರು. ಪೊಲೀಸರಿಗೆ ಯಾರೂ ಹೇಳಲಿಲ್ಲ. ಆ ಬಳಿಕವೂ ವರ್ಷಗಟ್ಟಲೆ ಸ್ಯಾಂಡಸ್ಕಿ ಆ ಕಟ್ಟಡಗಳಲ್ಲಿ ಓಡಾಡಿಕೊಂಡಿದ್ದ.

ನವೆಂಬರ್ 9ರ ರಾತ್ರಿ ಟ್ರಸ್ಟಿಗಳ ಮಂಡಳಿ ಪೆಟರ್ನೊ ಅವರನ್ನು ಫೋನ್ ಮೂಲಕ ತೆಗೆದುಹಾಕಿತು. ಇನ್ನೂ ಹೆಚ್ಚು ಮಾಡಬೇಕಿತ್ತು ಎಂದು ಈಗ ಅನಿಸುತ್ತದೆ ಎಂದು ಅವರೇ ಅದೇ ದಿನ ಹೇಳಿಕೆ ಕೊಟ್ಟಿದ್ದರು. ವಿದ್ಯಾರ್ಥಿಗಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದು ಟೆಲಿವಿಷನ್ ವಾಹನವೊಂದನ್ನು ಮಗುಚಿದರು. ಆ ರಾತ್ರಿ ಅವರು ಕೂಗಿದ ಹೆಸರು ಕೋಚ್‌ದು. ಯಾವ ಹುಡುಗನ ಪರವಾಗಿಯೂ ಅಂದು ಗುಂಪು ಸೇರಲಿಲ್ಲ ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ. ಆದರೆ ಎರಡು ದಿನಗಳ ಬಳಿಕ ಅದೇ ವಿದ್ಯಾರ್ಥಿಗಳು ಸಾವಿರಾರು ಮೇಣದ ಬತ್ತಿ ಹಿಡಿದು, ನೊಂದ ಮಕ್ಕಳಿಗಾಗಿ ಮೌನವಾಗಿ ನಿಂತರು. ಅದನ್ನೂ ಹೇಳದೆ ಬಿಡಬಾರದು.

ಪೆಟರ್ನೊ 2012ರ ಜನವರಿ 22ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ವಿಶ್ವವಿದ್ಯಾಲಯವೇ ತನಿಖೆಗೆ ನೇಮಿಸಿದ್ದ ಲೂಯಿಸ್ ಫ್ರೀ ಅವರ ಜುಲೈ ವರದಿ, ವಿಷಯವನ್ನು ಮುಚ್ಚಿಟ್ಟವರಲ್ಲಿ ಅವರೂ ಒಬ್ಬರು ಎಂದಿತು. ಕುಟುಂಬದವರು ಬೇರೆ ತಜ್ಞರಿಂದ ವರದಿ ಮಾಡಿಸಿ ಅದನ್ನು ಅಲ್ಲಗಳೆದರು. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ 6 ಕೋಟಿ ಡಾಲರ್ ದಂಡ ಹಾಕಿ, 1998ರ ನಂತರದ 111 ಗೆಲುವುಗಳನ್ನು ದಾಖಲೆಯಿಂದ ಅಳಿಸಿತು. 2015ರಲ್ಲಿ ಆ ಗೆಲುವುಗಳು ಮರಳಿದವು. ಅಂದಿನಿಂದ 409 ಎಂಬ ಅಂಕಿ ಅಭಿಮಾನಿಗಳ ಅಂಗಿಗಳ ಮೇಲೆ ಘೋಷಣೆಯಾಗಿ ಕಾಣುತ್ತದೆ. ಮಕ್ಕಳ ನೋವಿನ ಲೆಕ್ಕವನ್ನು ಪಂದ್ಯದ ಲೆಕ್ಕದಲ್ಲಿ ತೀರಿಸಹೊರಟದ್ದೇ ತಪ್ಪಾಗಿತ್ತು. ಅಳಿಸಿದವರೂ, ಅದನ್ನು ಅಂಗಿಗೆ ಅಂಟಿಸಿಕೊಂಡವರೂ ಇಬ್ಬರೂ ಒಂದೇ ತಪ್ಪು ಮಾಡಿದರು.

ಕಾನೂನಿನ ಪ್ರಕಾರ ಮೇಲಿನವರಿಗೆ ತಿಳಿಸಿದರಲ್ಲ, ಇನ್ನೇನು ಮಾಡಬೇಕಿತ್ತು?

ಅಂದಿನ ಪೆನ್ಸಿಲ್ವೇನಿಯ ಕಾನೂನು ಅಷ್ಟನ್ನೇ ಕೇಳುತ್ತಿತ್ತು ಎನ್ನುವುದು ಸರಿ. ಅದೇ ಕಾರಣಕ್ಕೆ ಕಾನೂನನ್ನು 2014ರಲ್ಲಿ ಬದಲಿಸಿದರು. ಈಗ ವರದಿ ಮಾಡಬೇಕಾದವರು ತಾವೇ ನೇರವಾಗಿ ರಾಜ್ಯಕ್ಕೆ ತಿಳಿಸಬೇಕು, ಮೇಲಧಿಕಾರಿಗೆ ದಾಟಿಸಿ ಕೈ ತೊಳೆದುಕೊಳ್ಳುವಂತಿಲ್ಲ.

ಆದರೆ ನೆನಪಿಡಿ: ಆ ಊರಿನಲ್ಲಿ ಪೆಟರ್ನೊ ಅವರಿಗೆ ‘ಮೇಲಿನವರು’ ಕಾಗದದ ಮೇಲೆ ಮಾತ್ರ ಇದ್ದರು. 2004ರಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷರು, ಅಥ್ಲೆಟಿಕ್ ಡೈರೆಕ್ಟರ್ ಮನೆಗೆ ಬಂದು ನಿವೃತ್ತಿಯ ಮಾತೆತ್ತಿದಾಗ, ಆಗುವುದಿಲ್ಲ ಎಂದು ಕಳಿಸಿಕೊಟ್ಟವರು ಅವರು. ಅಂಥವರು ಒಂದು ಫೋನ್ ಮಾಡಿದ್ದರೆ ಸಾಕಾಗಿತ್ತು. ಗುಣ ಎಂದರೆ ನನ್ನ ಮಟ್ಟಿಗೆ ಆ ಒಂದು ಫೋನ್.

ಮಿಷಿಗನ್‌ನ ಬೋ ಶೆಂಬೆಕ್ಲರ್ ಅವರ ವಿಷಯವೂ ಹೀಗೆಯೇ?

ಹೌದು. ನಮ್ಮ ಊರಿನವರು ಅದನ್ನು ಎದುರಾಳಿಯನ್ನು ಚುಚ್ಚಲು ಬಳಸುವುದನ್ನು ಕಂಡು ನನಗೆ ನೋವಾಗುತ್ತದೆ. ಶೆಂಬೆಕ್ಲರ್ 1969ರಿಂದ 1989ರವರೆಗೆ ಮಿಷಿಗನ್ ಕೋಚ್, 194 ಗೆಲುವು. ವಿಶ್ವವಿದ್ಯಾಲಯದ ವೈದ್ಯನಾಗಿದ್ದ ರಾಬರ್ಟ್ ಆ್ಯಂಡರ್ಸನ್ ದಶಕಗಳ ಕಾಲ ಆಟಗಾರರನ್ನೂ ವಿದ್ಯಾರ್ಥಿಗಳನ್ನೂ ತಪಾಸಣೆಯ ನೆಪದಲ್ಲಿ ಹಿಂಸಿಸಿದ್ದ. 2021ರಲ್ಲಿ ಇಬ್ಬರು ಮಾಜಿ ಆಟಗಾರರೊಂದಿಗೆ ಕುಳಿತು, ಶೆಂಬೆಕ್ಲರ್ ಅವರ ಮಗನೇ ಬಹಿರಂಗವಾಗಿ ಹೇಳಿದರು: ಬಾಲ್ಯದಲ್ಲಿ ತನಗಾದದ್ದನ್ನು ತಂದೆಗೆ ತಿಳಿಸಿದ್ದೆ, ತಂದೆ ಕೇಳಿಸಿಕೊಳ್ಳಲಿಲ್ಲ. ಕುಟುಂಬದ ಇತರರು, ಹಲವು ಹಳೆಯ ಆಟಗಾರರು ಇದನ್ನು ಒಪ್ಪಲಿಲ್ಲ. 2022ರಲ್ಲಿ ವಿಶ್ವವಿದ್ಯಾಲಯ ಸಾವಿರಕ್ಕೂ ಹೆಚ್ಚು ಜನರಿಗೆ 49 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ಕೋಚ್ 2006ರಲ್ಲೇ ತೀರಿಕೊಂಡಿದ್ದರಿಂದ ಅವರ ಉತ್ತರ ನಮಗೆ ಸಿಗುವುದಿಲ್ಲ.

ತಂದೆಗೆ ಮಗ ಹೇಳಿದ ಮಾತು ಎಂಬಲ್ಲಿಗೆ ಬಂದಾಗ ಓಹಿಯೊ, ಮಿಷಿಗನ್ ಎಂಬ ಬಣ್ಣಗಳೆಲ್ಲ ನನಗೆ ಕಳಚಿಬೀಳುತ್ತವೆ.

ಪ್ರತಿಮೆಗಳನ್ನು ತೆಗೆಯಬೇಕೇ?

ಪೆಟರ್ನೊ ಅವರ ಕಂಚಿನ ಪ್ರತಿಮೆಯನ್ನು 2012ರ ಜುಲೈ 22ರ ಬೆಳಿಗ್ಗೆ ತೆಗೆದರು. ಗ್ರಂಥಾಲಯದ ಹೆಸರನ್ನು ಉಳಿಸಿಕೊಂಡರು. ಇದು ಸರಿಯಾದ ವಿವೇಚನೆ ಎಂದು ನನಗನಿಸುತ್ತದೆ. ಗ್ರಂಥಾಲಯ ಅವರು ನಿಜವಾಗಿ ಮಾಡಿದ ಒಳಿತು, ಅದು ಅಲ್ಲೇ ಇರಲಿ. ಪ್ರತಿಮೆಯಾದರೋ ಇಡೀ ಮನುಷ್ಯನನ್ನು ಎತ್ತಿ ನಿಲ್ಲಿಸಿ ನಮಸ್ಕರಿಸು ಎನ್ನುತ್ತದೆ. ಆ ಸ್ನಾನದ ಕೋಣೆಯಿಂದ ಬದುಕಿ ಬಂದವರು ಆ ದಾರಿಯಲ್ಲಿ ಹೇಗೆ ನಡೆಯಬೇಕು?

‘ಆ ಕಾಲವೇ ಹಾಗಿತ್ತು’ ಎನ್ನುತ್ತಾರೆ. ಅದು ಒಪ್ಪುವ ಮಾತೇ?

ಅರ್ಧ ಮಾತ್ರ. ಅಲಬಾಮದ ಬೇರ್ ಬ್ರಯಂಟ್ ಅವರನ್ನೇ ನೋಡೋಣ. 1958ರಿಂದ 1982ರವರೆಗೆ ಅಲ್ಲಿ ಆರು ರಾಷ್ಟ್ರೀಯ ಪಟ್ಟ, ವೃತ್ತಿಜೀವನದುದ್ದಕ್ಕೂ ಒಟ್ಟು 323 ಗೆಲುವು. ಅದಕ್ಕೂ ಮೊದಲು ಟೆಕ್ಸಾಸ್ ಎ ಅಂಡ್ ಎಂನಲ್ಲಿದ್ದಾಗ, 1954ರ ಬೇಸಿಗೆಯಲ್ಲಿ ಜಂಕ್ಷನ್ ಎಂಬ ಬರಡು ಊರಿಗೆ ಹುಡುಗರನ್ನು ಒಯ್ದು, ಸುಡುಬಿಸಿಲಿನಲ್ಲಿ ಕುಡಿಯಲು ನೀರು ಕೊಡದೆ ಹತ್ತು ದಿನ ದುಡಿಸಿದರು. ಎರಡು ಬಸ್ಸಿನಲ್ಲಿ ಹೋದವರು ಒಂದೇ ಬಸ್ಸಿನಲ್ಲಿ ಮರಳಿದರು ಎಂದು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ನೀರು ಕೊಟ್ಟರೆ ಹುಡುಗರು ಮೆತ್ತಗಾಗುತ್ತಾರೆ ಎಂದು ಅಂದಿನ ಕೋಚ್‌ಗಳು ನಿಜಕ್ಕೂ ನಂಬಿದ್ದರು. ಅಲ್ಲಿ ಕಾಲದ ವಾದಕ್ಕೆ ಸ್ವಲ್ಪ ಬಲವಿದೆ.

ಕಪ್ಪು ಆಟಗಾರರ ವಿಷಯದಲ್ಲಿ ಅದು ನಿಲ್ಲುವುದಿಲ್ಲ. 1966ರಲ್ಲಿ ಅಲಬಾಮ ಒಂದೂ ಪಂದ್ಯ ಸೋಲಲಿಲ್ಲ, ಆದರೂ ರಾಷ್ಟ್ರೀಯ ಪಟ್ಟವನ್ನು ನಿರ್ಧರಿಸುತ್ತಿದ್ದ ಮತದಾನದಲ್ಲಿ ಮೂರನೆಯ ಸ್ಥಾನ ಸಿಕ್ಕಿತು. ಅಲ್ಲಿನ ಹಳಬರಿಗೆ ಅದು ಇಂದಿಗೂ ಗಾಯ. ತಂಡದಲ್ಲಿ ಇದ್ದವರೆಲ್ಲ ಬಿಳಿಯರು. ಅದೇ ವರ್ಷ ಮಿಷಿಗನ್ ಸ್ಟೇಟ್‌ನ ಡಫಿ ಡಾಹರ್ಟಿ, ದಕ್ಷಿಣದ ವಿಶ್ವವಿದ್ಯಾಲಯಗಳು ಸೇರಿಸಿಕೊಳ್ಳದ ಕಪ್ಪು ಹುಡುಗರನ್ನು, ಟೆಕ್ಸಾಸ್‌ನ ಬಬ್ಬಾ ಸ್ಮಿತ್ ಅಂಥವರನ್ನು, ಕರೆತಂದು ದೇಶದ ಅತ್ಯುತ್ತಮ ತಂಡಗಳಲ್ಲಿ ಒಂದನ್ನು ಕಟ್ಟಿದ್ದರು. ಕಾಲ ಇಬ್ಬರಿಗೂ ಒಂದೇ ಆಗಿತ್ತು. ರಾಜ್ಯ ಬೇರೆ, ಒತ್ತಡ ಬೇರೆ ಎಂಬುದು ನಿಜ. ಅಲಬಾಮದ ಗವರ್ನರ್ ವ್ಯಾಲೇಸ್ 1963ರಲ್ಲಿ ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ವಿಶ್ವವಿದ್ಯಾಲಯದ ಬಾಗಿಲಲ್ಲೇ ಅಡ್ಡ ನಿಂತಿದ್ದರು. ಆದರೂ ಆ ರಾಜ್ಯದಲ್ಲಿ ಗವರ್ನರ್ ಎದುರು ನಿಂತು ಮಾತನಾಡಬಲ್ಲವರು ಯಾರಾದರೂ ಇದ್ದಿದ್ದರೆ ಅದು ಬ್ರಯಂಟ್. ಅವರು ಕಪ್ಪು ಆಟಗಾರ ವಿಲ್ಬರ್ ಜಾಕ್ಸನ್ ಅವರಿಗೆ ವಿದ್ಯಾರ್ಥಿವೇತನ ಕೊಟ್ಟದ್ದು 1970ರಲ್ಲಿ. ಆ ಸೆಪ್ಟೆಂಬರ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯ ತಂಡ ಬರ್ಮಿಂಗ್‌ಹ್ಯಾಂಗೆ ಬಂದು, ಕಪ್ಪು ಆಟಗಾರ ಸ್ಯಾಮ್ ಕನಿಂಗ್‌ಹ್ಯಾಮ್ ಅವರ ಓಟದ ಬಲದಿಂದ 42–21ರಲ್ಲಿ ಸೋಲಿಸಿದ ಮೇಲೆ ಅಭಿಮಾನಿಗಳ ಮನಸ್ಸೂ ಬದಲಾಯಿತು ಎನ್ನುತ್ತಾರೆ. ಸೋಲು ಕಲಿಸಿದ್ದನ್ನು ಗುಣ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಎರಡನೆಯ ಅವಕಾಶ ಕೊಡುವ ಕೋಚ್ ಒಳ್ಳೆಯವರಲ್ಲವೇ?

ನೆಬ್ರಾಸ್ಕದ ಟಾಮ್ ಆಸ್ಬರ್ನ್ ಈ ಪ್ರಶ್ನೆಯ ಕಷ್ಟದ ಉದಾಹರಣೆ. ಮೃದು ಮಾತಿನ, ದೈವಭಕ್ತ, 25 ವರ್ಷದಲ್ಲಿ 255 ಗೆಲುವು ಕಂಡವರು. 1995ರಲ್ಲಿ ಅವರ ಆಟಗಾರ ಲಾರೆನ್ಸ್ ಫಿಲಿಪ್ಸ್ ತನ್ನ ಹಿಂದಿನ ಗೆಳತಿಯನ್ನು ಮೆಟ್ಟಿಲಿನ ಮೇಲೆ ಎಳೆದಾಡಿ ಹೊಡೆದ. ಆಸ್ಬರ್ನ್ ಅವನನ್ನು ಕೆಲವು ಪಂದ್ಯ ಹೊರಗಿಟ್ಟು, ಅದೇ ಸೀಸನ್‌ನಲ್ಲಿ ಮರಳಿ ಸೇರಿಸಿಕೊಂಡರು. ತಂಡ ಪಟ್ಟ ಗೆದ್ದಿತು. ಶಿಸ್ತಿನ ಚೌಕಟ್ಟು ಕಳಚಿದರೆ ಆ ಹುಡುಗ ಹಾಳಾಗುತ್ತಾನೆ ಎಂಬುದು ಅವರ ನಂಬಿಕೆಯಾಗಿತ್ತು. ಅದು ಪ್ರಾಮಾಣಿಕ ನಂಬಿಕೆ ಎಂದೇ ನಾನು ತಿಳಿಯುತ್ತೇನೆ. ಮಕ್ಕಳಿಗೆ ಹಿರಿಯರ ಆಸರೆ ದೊರಕಿಸುವ ಸಂಸ್ಥೆಯನ್ನು ಅವರು 1991ರಲ್ಲೇ ಪತ್ನಿಯೊಂದಿಗೆ ಕಟ್ಟಿದ್ದರು. ಆದರೆ ಆ ಯುವತಿಯೂ ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ, ಅವಳೂ ಕ್ರೀಡಾಪಟು. ಅವನ ಚೌಕಟ್ಟಿನ ಚಿಂತೆ ಮಾಡಿದವರು ಅವಳ ಭಯದ ಚಿಂತೆಯನ್ನು ಅಷ್ಟೇ ಮಾಡಿದಂತೆ ಕಾಣುವುದಿಲ್ಲ. ಫಿಲಿಪ್ಸ್ ಬದುಕು ಜೈಲಿನಲ್ಲೇ ಮುಗಿಯಿತು, 2016ರಲ್ಲಿ.

ಬಿಟ್ಟುಹೋದ ಕೋಚ್‌ಗಳನ್ನು ಏಕೆ ಅಷ್ಟು ದ್ವೇಷಿಸುತ್ತಾರೆ?

2010ರ ಜನವರಿಯಲ್ಲಿ ಲೇನ್ ಕಿಫಿನ್ ಒಂದೇ ಸೀಸನ್ ಮುಗಿಸಿ ಟೆನ್ನೆಸ್ಸಿ ಬಿಟ್ಟಾಗ ವಿದ್ಯಾರ್ಥಿಗಳು ಹಾಸಿಗೆಗಳನ್ನು ಸುಟ್ಟರು. ಅಲಬಾಮಕ್ಕೆ ಹೋಗುವುದಿಲ್ಲ ಎಂದು 2006ರ ಡಿಸೆಂಬರ್‌ನಲ್ಲಿ ಹೇಳಿದ ನಿಕ್ ಸೇಬನ್ ಎರಡು ವಾರದೊಳಗೆ ಅಲ್ಲಿಗೇ ಹೋದರು. ಅವರೇ ಹಿಂದೆ ಪಟ್ಟ ಗೆದ್ದುಕೊಟ್ಟಿದ್ದ, ಅಲಬಾಮದ ಎದುರಾಳಿ ಲೂಯಿಸಿಯಾನದಲ್ಲಿ ಆ ಸಿಟ್ಟು ಬಹುಕಾಲ ಉಳಿಯಿತು. ಉದ್ಯೋಗ ಬದಲಿಸಿದ್ದಕ್ಕೆ ಇಷ್ಟು ಕೋಪ! ಸುಳ್ಳು ಹೇಳಿದ್ದು ತಪ್ಪು, ಅಷ್ಟೇ. ಅದನ್ನು ಮೇಲಿನ ಕಥೆಗಳ ಪಕ್ಕ ಇಟ್ಟು ತೂಗಿ ನೋಡಿ.

ಜಿಮ್ ಟ್ರೆಸೆಲ್ ಅವರನ್ನು ಓಹಿಯೊ ಕ್ಷಮಿಸಿದ್ದು ಹೇಗೆ?

ಆಟಗಾರರು ನಿಯಮ ಮೀರಿ ತಮ್ಮ ಪದಕ, ಜೆರ್ಸಿಗಳನ್ನು ಕೊಟ್ಟು ಹಚ್ಚೆ ಹಾಕಿಸಿಕೊಳ್ಳುತ್ತಿದ್ದುದು ತಿಳಿದಿದ್ದರೂ ಓಹಿಯೊ ಸ್ಟೇಟ್‌ನ ಕೋಚ್ ಆಗಿದ್ದ ಅವರು ವಿಶ್ವವಿದ್ಯಾಲಯಕ್ಕೆ ತಿಳಿಸಲಿಲ್ಲ. 2011ರ ಮೇ 30ರಂದು ರಾಜೀನಾಮೆ ಕೊಟ್ಟರು. ಮುಂದಿನ ವರ್ಷವೇ, ಮಿಷಿಗನ್ ಪಂದ್ಯದ ದಿನ, 2002ರ ಚಾಂಪಿಯನ್ ತಂಡದ ಹುಡುಗರು ಅವರನ್ನು ಹೆಗಲ ಮೇಲೆ ಹೊತ್ತರು. ಆಮೇಲೆ ಯಂಗ್ಸ್‌ಟೌನ್ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು, 2025ರಲ್ಲಿ ಓಹಿಯೊದ ಲೆಫ್ಟಿನೆಂಟ್ ಗವರ್ನರ್ ಆದರು. ಹುಡುಗರು ತಮ್ಮದೇ ವಸ್ತು ಮಾರಿದ್ದು ಇಂದು ಯಾರಿಗೂ ದೊಡ್ಡ ಅಪರಾಧವಾಗಿ ಕಾಣುವುದಿಲ್ಲ, ಹಾಗಾಗಿ ಕ್ಷಮೆ ಸುಲಭವಾಯಿತು. ಮುಚ್ಚಿಟ್ಟದ್ದು ಮಾತ್ರ ಅಂದಿಗೂ ಇಂದಿಗೂ ತಪ್ಪೇ.

ಎಲ್ಲರೂ ಒಪ್ಪುವ ಕೋಚ್ ಒಬ್ಬರಾದರೂ ಇದ್ದಾರೆಯೇ?

ಎಡ್ಡಿ ರಾಬಿನ್ಸನ್. ಲೂಯಿಸಿಯಾನದ ಗ್ರ್ಯಾಂಬ್ಲಿಂಗ್ ಎಂಬ ಸಣ್ಣ ಊರಿನ, ಕಪ್ಪು ಜನರಿಗಾಗಿ ಕಟ್ಟಿದ ವಿಶ್ವವಿದ್ಯಾಲಯದಲ್ಲಿ 1941ರಿಂದ 1997ರವರೆಗೆ ಕೋಚ್, 408 ಗೆಲುವು. ಪೆಟರ್ನೊ 409ನೆಯದನ್ನು ಗೆದ್ದು ದಾಟಿದ್ದು ಅವರ ಅಂಕಿಯನ್ನೇ. ಆರಂಭದಲ್ಲಿ ಮೈದಾನದ ಹುಲ್ಲು ಕತ್ತರಿಸುವುದೂ, ಗಾಯಕ್ಕೆ ಪಟ್ಟಿ ಕಟ್ಟುವುದೂ ಅವರದೇ ಕೆಲಸ. ಬಿಳಿಯರ ಹೋಟೆಲುಗಳು ಊಟ ಕೊಡದ ಕಾಲದಲ್ಲಿ ಹುಡುಗರಿಗೆ ಬುತ್ತಿ ಕಟ್ಟಿಕೊಂಡು ಪಂದ್ಯಕ್ಕೆ ಹೊರಡುತ್ತಿದ್ದರು. ಬೆಳಿಗ್ಗೆ ಗಂಟೆ ಬಾರಿಸುತ್ತ ಹಾಸ್ಟೆಲಿನಲ್ಲಿ ತಿರುಗಿ ಅವರನ್ನು ತರಗತಿಗೆ ಎಬ್ಬಿಸುತ್ತಿದ್ದರು. ಅವರ ಬಳಿ ಆಡಿದ 200ಕ್ಕೂ ಹೆಚ್ಚು ಹುಡುಗರು ವೃತ್ತಿಪರ ಲೀಗಿಗೆ ಹೋದರು. ಅವರಲ್ಲಿ ಒಬ್ಬರಾದ ಡಗ್ ವಿಲಿಯಮ್ಸ್ 1988ರಲ್ಲಿ ಸೂಪರ್ ಬೋಲ್ (ಆ ಲೀಗಿನ ಅಂತಿಮ ಪಂದ್ಯ) ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಆಟಗಾರ. ಗುರುವಿನ ನಂತರ ಅದೇ ತಂಡದ ಕೋಚ್ ಆಗಿ ಬಂದವರೂ ಅವರೇ.

ಕೊನೆಯ ಕೆಲವು ಸೀಸನ್ ಸೋತಾಗ ರಾಬಿನ್ಸನ್ ಅವರನ್ನೂ ಹೊರಕಳಿಸಲು ಒತ್ತಡ ಬಂದಿತ್ತು. ಗೆಲುವಿಲ್ಲದಿದ್ದರೆ ಅವರಂಥವರಿಗೂ ರಿಯಾಯಿತಿ ಇಲ್ಲ.

ಈಗಿನ ಕೋಚ್‌ಗಳನ್ನೂ ಇದೇ ತಕ್ಕಡಿಯಲ್ಲಿ ತೂಗಬಹುದೇ?

ತಕ್ಕಡಿಯೇ ಬದಲಾಗುತ್ತಿದೆ. ಮೊದಲು ಕೋಚ್ ರಾತ್ರೋರಾತ್ರಿ ಬೇರೆ ಊರಿಗೆ ಹೋಗಬಹುದಿತ್ತು, ಆಟಗಾರ ಹೋದರೆ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಿಂದ ಆ ಕಟ್ಟು ಸಡಿಲವಾಯಿತು. ಅದೇ ವರ್ಷ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಲು ಅನುಮತಿ ಸಿಕ್ಕಿತು, 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡುತ್ತಿವೆ. ನಿಷ್ಠೆ ಹೋಯಿತು ಎಂದು ನನ್ನ ಹಳೆಯ ಗೆಳೆಯರು ಕೊರಗುತ್ತಾರೆ. ನನಗೆ ಸಮಾಧಾನವೇ ಆಗಿದೆ. ನೀರು ಕೊಡದ ಕೋಚ್‌ನನ್ನು ಬಿಟ್ಟು, ವರ್ಷಗಟ್ಟಲೆ ಕೂರದೆ ಬೇರೆ ಊರಿಗೆ ಹೋಗಿ ಆಡುವ ದಾರಿ, ಜಂಕ್ಷನ್‌ನಿಂದ ರಾತ್ರಿ ಕದ್ದು ಹೊರಟು ಬಸ್ ನಿಲ್ದಾಣಕ್ಕೆ ನಡೆದ ಹುಡುಗರಿಗೆ ಇರಲಿಲ್ಲ.